ಪ್ರಾಗ್‌ನಿಂದ ಒಂದೇ ದಿನದಲ್ಲಿ ಕುಟ್ನಾ ಹೋರಾ: ವಯಸ್ಸಾದ ತಾಯಿಯೊಡನೆ ಹೋಗಿಬರಬಹುದೇ?

ಪ್ರಶ್ನೆ: ಕುಕ್ಕರಹಳ್ಳಿ ಹಾದಿ

ಸೆಪ್ಟೆಂಬರ್‌ನಲ್ಲಿ ಕಚೇರಿಯ ಕೆಲಸದ ಮೇಲೆ ಪ್ರಾಗ್‌ಗೆ ಹೋಗುತ್ತಿದ್ದೇನೆ. ಈ ಬಾರಿ ನನ್ನ ಜೊತೆಯಲ್ಲಿ ಅರವತ್ತೆಂಟು ವರ್ಷದ ತಾಯಿಯೂ ಹನ್ನೆರಡು ವರ್ಷದ ಮಗಳೂ ಇರುತ್ತಾರೆ. ಕೆಲಸ ಮುಗಿದ ಮೇಲೆ ನಮಗೆ ಉಳಿಯುವುದು ನಾಲ್ಕು ದಿನ. ಮೂರು ದಿನಗಳನ್ನು ಪ್ರಾಗ್ ನಗರಕ್ಕೇ ಬಿಟ್ಟು, ಒಂದು ದಿನ ಹೊರಗಿನ ಯಾವುದಾದರೂ ಹಳೆಯ ಊರಿಗೆ ಹೋಗಿ ಸಂಜೆಯೊಳಗೆ ಮರಳಬೇಕೆಂಬುದು ನಮ್ಮ ಯೋಚನೆ.

ವಿಚಾರಿಸಿದವರಲ್ಲಿ ಅರ್ಧ ಜನ ಚೆಸ್ಕಿ ಕ್ರುಮ್ಲೋವ್ ಎನ್ನುತ್ತಾರೆ, ಉಳಿದರ್ಧ ಜನ ಕುಟ್ನಾ ಹೋರಾ ಎನ್ನುತ್ತಾರೆ. ಎರಡನೆಯದರ ಬಗ್ಗೆ ಹುಡುಕಲು ಹೊರಟರೆ ಎಲ್ಲೆಲ್ಲೂ ಮನುಷ್ಯರ ಎಲುಬುಗಳಿಂದ ಅಲಂಕರಿಸಿದ ಆ ಪ್ರಾರ್ಥನಾ ಮಂದಿರದ ಚಿತ್ರಗಳೇ ಎದುರಾಗುತ್ತವೆ. ಮಗಳಿಗೆ ಅದನ್ನು ನೋಡಲೇಬೇಕೆಂಬ ಹಟ, ತಾಯಿಗೆ ಅದರ ಹೆಸರು ಕೇಳಿದರೇ ಸಂಕೋಚ. ತಾಯಿಗೆ ಮಂಡಿನೋವೂ ಇದೆ. ನಿಧಾನವಾಗಿ ಒಂದೆರಡು ಕಿಲೋಮೀಟರ್ ನಡೆಯಬಲ್ಲರು, ಆದರೆ ಕಡಿದಾದ ಮೆಟ್ಟಿಲುಗಳು ಅವರಿಗೆ ಆಗುವುದಿಲ್ಲ. ನಾವು ಮೂವರೂ ಸಸ್ಯಾಹಾರಿಗಳು.

ನನ್ನ ಪ್ರಶ್ನೆ ಇಷ್ಟೇ. ಎಲುಬಿನ ಆ ಮಂದಿರವನ್ನು ಬಿಟ್ಟರೆ ಕುಟ್ನಾ ಹೋರಾದಲ್ಲಿ ಒಂದು ಇಡೀ ದಿನವನ್ನು ಕಳೆಯುವಷ್ಟು ಹುರುಳಿದೆಯೇ? ಇದ್ದರೆ, ಬಾಡಿಗೆ ಕಾರಾಗಲಿ ಪ್ರವಾಸ ಸಂಸ್ಥೆಯಾಗಲಿ ಇಲ್ಲದೆ ರೈಲಿನಲ್ಲೇ ಹೋಗಿ, ಯಾರನ್ನೂ ದಣಿಸದೆ ನೋಡಿ ಬರುವುದು ಹೇಗೆ? ಹೋಗಿ ಬಂದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ವಲ್ತಾವಾ ದಡದಿಂದ

ಪ್ರಾಗ್‌ನಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಕುಟ್ನಾ ಹೋರಾಕ್ಕೆ ಹೋಗುವುದು ನನಗೆ ಸಂಕ್ರಾಂತಿ, ಯುಗಾದಿಗಳಂತೆ ವರ್ಷಕ್ಕೊಮ್ಮೆಯಾದರೂ ಬರುವ ಕೆಲಸವಾಗಿಬಿಟ್ಟಿದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲಿಗೆ ನಿಮ್ಮ ಪ್ರಶ್ನೆಯಲ್ಲೇ ಅಡಗಿರುವ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಕುಟ್ನಾ ಹೋರಾ ಎಂದರೆ ಎಲುಬಿನ ಮಂದಿರ, ಅದಕ್ಕೆ ಅಂಟಿಕೊಂಡ ಒಂದು ಊರು ಎಂದು ಎಲ್ಲರೂ ತಿಳಿದಿದ್ದಾರೆ. ಆ ಮಂದಿರ ಇರುವುದು ಊರಿನ ನಡುವೆಯಲ್ಲ, ಸೆಡ್ಲೆತ್ಸ್ ಎಂಬ ಹೊರವಲಯದಲ್ಲಿ. ಊರು ಹುಟ್ಟಿದ್ದು ಬೆಳ್ಳಿಯಿಂದ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಬೆಳ್ಳಿಯ ಅದಿರು ಯಥೇಚ್ಛವಾಗಿ ಸಿಕ್ಕತೊಡಗಿದ ಮೇಲೆ ಜನ ಮುಗಿಬಿದ್ದು ಬಂದು ನೆಲೆಸಿದರು, ಮತ್ತು ನೋಡನೋಡುತ್ತಿದ್ದಂತೆ ಇದು ಈಗಿನ ಚೆಕ್ ದೇಶದ ಬಹುಭಾಗವಾದ ಬೊಹಿಮಿಯಾ ರಾಜ್ಯದಲ್ಲಿ ಪ್ರಾಗ್ ಬಿಟ್ಟರೆ ಎರಡನೆಯ ದೊಡ್ಡ ಊರಾಯಿತು. ಇಂಗ್ಲಿಷ್ ಪುಸ್ತಕಗಳಲ್ಲಿ ವೆನ್ಸೆಸ್ಲಾಸ್ ಎಂದು ಕರೆಯಲಾಗುವ ಎರಡನೆಯ ವಾತ್ಸ್ಲಾವ್ ದೊರೆ 1300ರಲ್ಲಿ ಇಲ್ಲಿನ ಗಣಿಗಳಿಗಾಗಿ ಒಂದು ಕಾನೂನು ಸಂಹಿತೆಯನ್ನೇ ಹೊರಡಿಸಿದನು. ಅದೇ ವರ್ಷ, ರಾಜ್ಯದ ಬೇರೆ ಬೇರೆ ಊರುಗಳಲ್ಲಿದ್ದ ಟಂಕಸಾಲೆಗಳ ಕೆಲಸವನ್ನೆಲ್ಲ ಇಲ್ಲಿಗೆ ತಂದು, ಪ್ರಾಗ್ ಗ್ರೋಶ್ ಎಂಬ ಬೆಳ್ಳಿ ನಾಣ್ಯವನ್ನು ಅಚ್ಚು ಹಾಕಿಸತೊಡಗಿದನು. ಹೆಸರು ಪ್ರಾಗ್‌ನದಾದರೂ ನಾಣ್ಯ ಹುಟ್ಟಿದ್ದು ಕುಟ್ನಾ ಹೋರಾದಲ್ಲಿ. ಒಂದು ಬದಿಯಲ್ಲಿ ಕಿರೀಟ, ಇನ್ನೊಂದು ಬದಿಯಲ್ಲಿ ಎರಡು ಬಾಲದ ಸಿಂಹ. ಅರವತ್ತು ಗ್ರೋಶ್‌ಗೆ ಒಂದು ಕೋಪಾ ಎಂಬ ಲೆಕ್ಕದಲ್ಲಿ ಮಧ್ಯ ಯುರೋಪಿನ ವ್ಯಾಪಾರಿಗಳು ಇದನ್ನು ಎಣಿಸುತ್ತಿದ್ದರು. ನಮ್ಮ ರೂಪಾಯಿಯ ಹೆಸರೊಳಗೂ ಬೆಳ್ಳಿ ಎಂಬ ಅರ್ಥದ ರೂಪ್ಯವೇ ಕುಳಿತಿದೆಯಲ್ಲವೇ? ಇದನ್ನು ಹೇಳಿಕೊಟ್ಟರೆ ನಿಮ್ಮ ಮಗಳಿಗೆ ಆ ನಾಣ್ಯ ಅಷ್ಟು ದೂರದ್ದೆನಿಸಲಾರದು.

ಹೋಗುವ ಬಗೆ ಸರಳವಾಗಿದೆ. ಊರು ಪ್ರಾಗ್‌ನ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಪ್ರಾಗ್‌ನ ಮುಖ್ಯ ನಿಲ್ದಾಣದಿಂದ ಕೋಲೀನ್ ಮಾರ್ಗವಾಗಿ ಹೋಗುವ ನೇರ ರೈಲು ಒಂದು ಗಂಟೆಯ ಆಸುಪಾಸಿನಲ್ಲಿ ನಿಮ್ಮನ್ನು ತಲುಪಿಸುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಕುಟ್ನಾ ಹೋರಾದ ಹೆಸರಿನಲ್ಲಿ ಮೂರು ನಿಲ್ದಾಣಗಳಿವೆ. ಪ್ರಾಗ್‌ನ ರೈಲು ನಿಲ್ಲುವ ಹ್ಲಾವ್ನಿ ನಾದ್ರಾಜಿ, ಅಂದರೆ ಮುಖ್ಯ ನಿಲ್ದಾಣವು ಹಳೆಯ ಊರಿನಿಂದ ಸುಮಾರು ಮೂರು ಕಿಲೋಮೀಟರ್ ಹೊರಗಿದೆ. ಅಲ್ಲಿ ಇಳಿದು ಒಂದೆರಡು ಬೋಗಿಯ ಪುಟ್ಟ ಸ್ಥಳೀಯ ರೈಲನ್ನು ಹತ್ತಿದರೆ ಅದು ಸೆಡ್ಲೆತ್ಸ್‌ನಲ್ಲಿ ನಿಂತು, ಕೆಲವೇ ನಿಮಿಷಗಳಲ್ಲಿ ಊರಿನ ಮಗ್ಗುಲಿಗಿರುವ ಮ್ಯೆಸ್ತೊ ನಿಲ್ದಾಣಕ್ಕೆ ಹೋಗುತ್ತದೆ. ಪ್ರಾಗ್‌ನಲ್ಲಿ ಟಿಕೆಟ್ ಕೊಳ್ಳುವಾಗಲೇ ಮ್ಯೆಸ್ತೊವರೆಗೆ, ಹೋಗಿಬರುವ ಎರಡೂ ಪಯಣಗಳಿಗೆ ಕೇಳಿ ಪಡೆಯಿರಿ. ತಾಯಿಯವರ ಮಂಡಿಗೆ ಈ ಪುಟ್ಟ ರೈಲು ದೊಡ್ಡ ಉಪಕಾರ ಮಾಡುತ್ತದೆ.

ನಾನು ನೆಂಟರನ್ನು ನೇರವಾಗಿ ಮ್ಯೆಸ್ತೊವರೆಗೆ ಕರೆದೊಯ್ದು ಊರಿನಿಂದಲೇ ಆರಂಭಿಸುತ್ತೇನೆ. ಮೊದಲು ಇಟಾಲಿಯನ್ ಅಂಗಳ, ಚೆಕ್ ಮಾತಿನಲ್ಲಿ ವ್ಲಾಶ್‌ಸ್ಕಿ ದ್ವೂರ್. ಟಂಕಸಾಲೆ ಇದ್ದದ್ದು ಇಲ್ಲಿಯೇ. ನಾಣ್ಯದ ಸುಧಾರಣೆಗಾಗಿ ದೊರೆಯು ಫ್ಲಾರೆನ್ಸ್‌ನಿಂದ ಕರೆಸಿಕೊಂಡ ತಜ್ಞರ ನೆನಪಿಗೆ ಆ ಹೆಸರು ಉಳಿದುಕೊಂಡಿದೆ. ಟಂಕಿಸುವವನು ಕೆಳಗಿನ ಅಚ್ಚಿನ ಮೇಲೆ ಬೆಳ್ಳಿಯ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಸುತ್ತಿಗೆಯ ಏಟು ಹಾಕುತ್ತಿದ್ದನು. ಒಂದೊಂದು ನಾಣ್ಯಕ್ಕೂ ಇಷ್ಟು ಕೆಲಸ. ಜೀವನವಿಡೀ ಆ ಸದ್ದಿನಲ್ಲೇ ಕಳೆದವರ ಕಿವಿಗಳು ಏನಾಗಿರಬೇಕೆಂದು ಪ್ರತಿ ಸಲವೂ ನನಗನ್ನಿಸುತ್ತದೆ. 1409ರಲ್ಲಿ ನಾಲ್ಕನೆಯ ವಾತ್ಸ್ಲಾವ್ ಹೊರಡಿಸಿದ ಕುಟ್ನಾ ಹೋರಾ ಶಾಸನಕ್ಕೂ ಈ ಊರಿನ ಹೆಸರೇ ಬಂದಿದೆ. ಪ್ರಾಗ್ ವಿಶ್ವವಿದ್ಯಾಲಯದ ಮತದಾನದಲ್ಲಿ ಚೆಕ್ಕರಿಗೆ ಮೂರು ಮತ, ಉಳಿದವರೆಲ್ಲರಿಗೂ ಸೇರಿ ಒಂದೇ ಮತ ಎಂದು ಅದು ವಿಧಿಸಿತು. ಮುನಿಸಿಕೊಂಡು ಹೊರಟ ಜರ್ಮನ್ ಪಂಡಿತರು ಅದೇ ವರ್ಷ ಲೈಪ್ಸಿಗ್‌ನಲ್ಲಿ ಬೇರೆ ವಿಶ್ವವಿದ್ಯಾಲಯವನ್ನು ಕಟ್ಟಿಕೊಂಡರು.

ಅಲ್ಲಿಂದ ಬಾರ್ಬೊರ್ಸ್ಕಾ ಬೀದಿಯಲ್ಲಿ ನಿಧಾನವಾಗಿ ಏರುತ್ತಾ ಹೋದರೆ ಬಲಕ್ಕೆ ಜೆಸ್ಯುಟರ ಹಳೆಯ ಕಾಲೇಜಿನ ಉದ್ದನೆಯ ಕಟ್ಟಡ, ಎಡಕ್ಕೆ ಸಂತರ ಕಲ್ಲಿನ ಪ್ರತಿಮೆಗಳ ಸಾಲು, ಅದರಾಚೆ ತಗ್ಗಿನಲ್ಲಿ ಕಣಿವೆ, ಎದುರಿಗೆ ಸಂತ ಬಾರ್ಬರಾ ಚರ್ಚು. ಬಾರ್ಬರಾ ಗಣಿಗಾರರ ರಕ್ಷಕಿ. ಸೆಡ್ಲೆತ್ಸ್ ಮಠದ ಹಿಡಿತಕ್ಕೆ ಸಿಗದಂತಹ ತಮ್ಮದೇ ಚರ್ಚು ಬೇಕೆಂದು ಊರಿನ ಸಿರಿವಂತರು 1388ರಲ್ಲಿ ಇದನ್ನು ಕಟ್ಟಿಸಲು ತೊಡಗಿದರು. ಯಾನ್ ಹುಸ್ ಎಂಬ ಧರ್ಮಸುಧಾರಕನ ಅನುಯಾಯಿಗಳಾದ ಹುಸ್ಸೈಟರ ಯುದ್ಧಗಳಲ್ಲಿ ಕೆಲಸ ನಿಂತಿತು, ಮತ್ತೆ ಆರಂಭವಾಯಿತು, ಬೆಳ್ಳಿ ಬತ್ತಿದಾಗ ಮತ್ತೆ ನಿಂತಿತು. ಪೂರ್ತಿಯಾದದ್ದು 1905ರಲ್ಲಿ! ಒಳಗೆ ಹೋದ ಮೇಲೆ ಒಂದು ಬೆಂಚಿನಲ್ಲಿ ಕುಳಿತು ತಲೆಯೆತ್ತಿ ನೋಡಿ. ವಾಸ್ತುಶಿಲ್ಪಿ ಬೆನೆಡಿಕ್ಟ್ ರೀಟ್ ರೂಪಿಸಿದ ಆ ಚಾವಣಿಯ ಕಲ್ಲಿನ ಪಟ್ಟಿಗಳು ಒಂದನ್ನೊಂದು ದಾಟಿ ಬಾಗಿ ಹೂವಿನ ದಳಗಳಾಗುತ್ತವೆ. ಬೇಲೂರಿನ ಭುವನೇಶ್ವರಿಯ ಕೆಳಗೆ ಕತ್ತು ನೋಯುವವರೆಗೂ ನಿಂತವರಿಗೆ ಇದರ ಸುಖವನ್ನು ವಿವರಿಸಬೇಕಾಗಿಲ್ಲ. ಗರ್ಭಗುಡಿಯ ಸುತ್ತಲಿನ ಪುಟ್ಟ ಗೂಡುಗಳ ಗೋಡೆಗಳಲ್ಲಿ ಸಂತರ ಜೊತೆಗೆ ನಾಣ್ಯ ಟಂಕಿಸುವವರೂ, ಗಣಿಯ ರಾಟೆ ತಿರುಗಿಸುವವರೂ ಬಣ್ಣದಲ್ಲಿ ಉಳಿದಿದ್ದಾರೆ. ದೇವರ ಮನೆಯಲ್ಲಿ ದುಡಿಯುವವರ ಚಿತ್ರ ಬರೆಸಿದ ಊರು ಇದು. ಈ ಕಾರಣಕ್ಕೇ ನನಗೆ ಪ್ರಾಗ್ ಕೋಟೆಯೊಳಗಿನ ಸಂತ ವೀಟ್ ಚರ್ಚಿಗಿಂತ ಇದು ಹೆಚ್ಚು ಇಷ್ಟ.

ಇಷ್ಟಾಗುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಊಟ ಮಾಡಿ, 1495ರಲ್ಲಿ ಕಟ್ಟಿದ ಹನ್ನೆರಡು ಮುಖದ ಕಲ್ಲಿನ ಕಾರಂಜಿಯನ್ನು ನೋಡಿಕೊಂಡು, ಹಿಂದಿರುಗುವ ದಾರಿಯಲ್ಲಿ ಸೆಡ್ಲೆತ್ಸ್‌ನಲ್ಲಿ ಇಳಿಯಿರಿ. ಅಲ್ಲಿ ಎಲುಬಿನ ಮಂದಿರಕ್ಕೆ ಹೋಗುವುದೋ ಬೇಡವೋ ಎಂದು ನಿಮ್ಮ ತಾಯಿಯವರೇ ಆಗ ನಿರ್ಧರಿಸಲಿ. ಕಲ್ಲು ಹಾಸಿದ ಬೀದಿಗಳಾದ್ದರಿಂದ ಅಡಿ ಮೆತ್ತಗಿರುವ ಷೂ ಕಡ್ಡಾಯ.

ಉತ್ತರ 2: ಬಾದಾಮಿ ಕಲ್ಲು

ಮೇಲಿನವರ ಮಾತು ಬಹುಮಟ್ಟಿಗೆ ಸರಿಯಾಗಿದ್ದರೂ, ಸೆಡ್ಲೆತ್ಸನ್ನು ಕೊನೆಗೆ ಇಟ್ಟುಕೊಳ್ಳಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಪ್ರಾಗ್‌ನಿಂದ ಹೊರಟ ಪ್ರವಾಸಿ ಬಸ್ಸುಗಳು ಒಂದರ ಹಿಂದೊಂದು ಬಂದು ನಿಂತ ಮೇಲೆ ಆ ಪುಟ್ಟ ಮಂದಿರದೊಳಗೆ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದರೆ ಮಾತ್ರ ಅದು ಸ್ಮಶಾನದ ಗಾಂಭೀರ್ಯವನ್ನು ಉಳಿಸಿಕೊಂಡಿರುತ್ತದೆ. ನಾನು ಮೊದಲ ಸಲ ಹೋದದ್ದು ಒಂದು ಪ್ರವಾಸ ಸಂಸ್ಥೆಯ ಅರ್ಧ ದಿನದ ಬಸ್ಸಿನಲ್ಲಿ. ಎಲುಬಿನ ಮಂದಿರಕ್ಕೆ ಇಪ್ಪತ್ತು ನಿಮಿಷ, ಸಂತ ಬಾರ್ಬರಾಕ್ಕೆ ಇಪ್ಪತ್ತೈದು ನಿಮಿಷ, ಸ್ಮರಣಿಕೆಗಳ ಅಂಗಡಿಗೆ ನಲವತ್ತು ನಿಮಿಷ ಎಂಬುದು ಅವರ ಲೆಕ್ಕವಾಗಿತ್ತು. ಎರಡನೆಯ ಸಲ ರೈಲಿನಲ್ಲಿ ಹೋದಾಗಲೇ ನಾನು ಆ ಊರನ್ನು ನೋಡಿದೆನೆಂದು ಹೇಳಬೇಕು.

ಟಿಕೆಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಎಲುಬಿನ ಮಂದಿರದ ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ, ಹತ್ತಿರದ ಮಾಹಿತಿ ಕೇಂದ್ರದಲ್ಲಿ ಮೊದಲೇ ಕೊಂಡು ಬರಬೇಕು. ಅಲ್ಲಿ ಎಲುಬಿನ ಮಂದಿರ, ಸೆಡ್ಲೆತ್ಸ್‌ನ ದೊಡ್ಡ ಚರ್ಚು ಮತ್ತು ಸಂತ ಬಾರ್ಬರಾ ಮೂರಕ್ಕೂ ಸೇರಿಸಿದ ಒಂದೇ ಟಿಕೆಟ್ ಸಿಗುತ್ತದೆ. 2020ರಿಂದ ಎಲುಬಿನ ಮಂದಿರದೊಳಗೆ ಮುಂಚಿತ ಅನುಮತಿಯಿಲ್ಲದೆ ಚಿತ್ರ ತೆಗೆಯುವುದನ್ನು ನಿಷೇಧಿಸಿದ್ದಾರೆ. ತಲೆಬುರುಡೆಗಳ ಪಕ್ಕದಲ್ಲಿ ನಿಂತು ನಗುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಿದ್ದವರನ್ನು ಕಣ್ಣಾರೆ ಕಂಡಿದ್ದ ನನಗೆ ಈ ನಿಷೇಧದಿಂದ ಸಂತೋಷವೇ ಆಯಿತು.

ಇನ್ನು ಚೆಸ್ಕಿ ಕ್ರುಮ್ಲೋವ್. ವಲ್ತಾವಾ ನದಿ ಬಳಸಿ ಹರಿಯುವ ಆ ಊರಿನ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಪ್ರಾಗ್‌ನಿಂದ ದಕ್ಷಿಣಕ್ಕೆ ಸುಮಾರು 170 ಕಿಲೋಮೀಟರ್ ದೂರವಿದ್ದು, ಬಸ್ಸಿನಲ್ಲಿ ಹೋಗುವುದಕ್ಕೆ ಮೂರು ಗಂಟೆಯ ಹತ್ತಿರ, ಬರುವುದಕ್ಕೆ ಅಷ್ಟೇ ಹೊತ್ತು ಬೇಕಾಗುತ್ತದೆ. ಅದು ರಾತ್ರಿ ತಂಗಬೇಕಾದ ಊರು. ಸಂಜೆ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ಕೋಟೆಯ ಕೆಳಗಿನ ಓಣಿಗಳಲ್ಲಿ ನಡೆಯುವುದೇ ಅಲ್ಲಿನ ಸೊಗಸು. ಅರವತ್ತೆಂಟು ವರ್ಷದವರನ್ನು ಆರು ಗಂಟೆ ಬಸ್ಸಿನಲ್ಲಿ ಕೂರಿಸಿ ನಾಲ್ಕು ಗಂಟೆ ಊರು ತೋರಿಸುವುದು ಯಾವ ನ್ಯಾಯ?

ಉತ್ತರ 3: ಚಾಂಪಿಯನ್ ರೀಫ್ ಮೊಮ್ಮಗ

ಇಬ್ಬರೂ ಬೆಳ್ಳಿಯ ಬಗ್ಗೆಯೋ ಎಲುಬಿನ ಬಗ್ಗೆಯೋ ಮಾತನಾಡಿದರೇ ಹೊರತು ಗಣಿಯೊಳಗೆ ಇಳಿಯುವ ವಿಷಯವನ್ನು ಯಾರೂ ಎತ್ತಲಿಲ್ಲ. ನಿಮ್ಮ ಮಗಳಿಗೆ ಜೀವನಪೂರ್ತಿ ನೆನಪಿರುವುದು ಅದೇ.

ಹ್ರಾದೆಕ್ ಎಂಬ ಹಳೆಯ ಕಟ್ಟಡದಲ್ಲಿ ಬೆಳ್ಳಿಯ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಮಾರ್ಗದರ್ಶಕರೊಡನೆ ಹೊರಡುವ ತಂಡಗಳು ಮಧ್ಯಯುಗದ ಗಣಿಯ ಒಂದು ಭಾಗಕ್ಕೆ ಇಳಿದು ಬರುತ್ತವೆ. ಎಲ್ಲರಿಗೂ ಮಂಡಿಯವರೆಗೆ ಬರುವ, ತಲೆಗೂಡು ಇರುವ ಬಿಳಿಯ ನಿಲುವಂಗಿ, ಹೆಲ್ಮೆಟ್ಟು, ಕೈದೀಪ ಕೊಡುತ್ತಾರೆ. ಪೆರ್ಕಿತ್ಲೆ ಎಂದು ಕರೆಯುವ ಆ ನಿಲುವಂಗಿಯನ್ನು ಆಗಿನ ಗಣಿಗಾರರು ತೊಡುತ್ತಿದ್ದರು. ಕತ್ತಲೆಯಲ್ಲಿ ಬಿದ್ದವನು ಬೇಗ ಕಣ್ಣಿಗೆ ಬೀಳಲೆಂದು ಬಿಳಿಯ ಬಟ್ಟೆಯೆಂದು ಮಾರ್ಗದರ್ಶಕರು ವಿವರಿಸುತ್ತಾರೆ. ಹಿಂಬದಿಗೆ ಚರ್ಮದ ಒಂದು ತುಂಡನ್ನು ಕಟ್ಟಿಕೊಂಡು, ಅದರ ಮೇಲೆ ಕುಳಿತು ಇಳಿಜಾರಿನ ಸುರಂಗಗಳಲ್ಲಿ ಜಾರಿಕೊಂಡೇ ಕೆಳಗೆ ಹೋಗುತ್ತಿದ್ದರಂತೆ. ಅಂಗಳದಲ್ಲಿ ಮರದ ದೊಡ್ಡ ಗಾಲಿಯ ಯಂತ್ರವೊಂದಿದೆ. ಕುದುರೆಗಳು ಗಾಣದ ಎತ್ತಿನಂತೆ ಸುತ್ತು ತಿರುಗಿ ಅದಿರಿನ ಮೂಟೆಗಳನ್ನು ಮೇಲೆತ್ತುತ್ತಿದ್ದವು.

ನೆಲದಡಿಯ ದಾರಿ ಇನ್ನೂರೈವತ್ತು ಮೀಟರ್‌ನಷ್ಟೇ. ಆದರೆ ಇಳಿಯಲು ಕಡಿದಾದ ಮೆಟ್ಟಿಲುಗಳಿವೆ, ಕೆಲವೆಡೆ ಸೊಂಟ ಬಗ್ಗಿಸಿ ಅಡ್ಡಡ್ಡ ನುಸುಳಬೇಕು, ನೆಲ ಒದ್ದೆಯಾಗಿರುತ್ತದೆ. ಬೇಸಿಗೆಯಲ್ಲೂ ಹನ್ನೆರಡು ಡಿಗ್ರಿಯ ತಂಪು. ನಿಮ್ಮ ತಾಯಿಯವರು ಇದಕ್ಕೆ ಖಂಡಿತ ಬರಬಾರದು, ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟುವವರೂ ಇಳಿಯಬಾರದು. ನೀವೂ ಮಗಳೂ ಒಳಗಿರುವ ಒಂದೂವರೆ ಗಂಟೆ ಅವರು ಹತ್ತಿರದ ಕೆಫೆಯಲ್ಲಿ ಕುಳಿತಿರಲಿ. ಸೋಮವಾರ ವಸ್ತುಸಂಗ್ರಹಾಲಯಕ್ಕೆ ರಜೆ, ಚಳಿಗಾಲದಲ್ಲೂ ಮುಚ್ಚಿರುತ್ತದೆ. ಸೆಪ್ಟೆಂಬರ್‌ಗೆ ತೊಂದರೆಯಿಲ್ಲ, ಆದರೆ ಇಂಗ್ಲಿಷ್ ತಂಡದ ಸಮಯವನ್ನು ಮುಂಚೆಯೇ ಕಾಯ್ದಿರಿಸಿ. ಆ ಸಮಯವೊಂದು ಗಟ್ಟಿಯಾದರೆ ಸೆಡ್ಲೆತ್ಸ್ ಮೊದಲೋ ಊರು ಮೊದಲೋ ಎಂಬ ಮೇಲಿನ ಜಗಳ ತಾನೇ ಇತ್ಯರ್ಥವಾಗುತ್ತದೆ.

ನನ್ನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರ್‌ಗೂ ಮೀರಿದ ಆಳದಲ್ಲಿ ಬಂಡೆಯೇ ಸುಡುತ್ತಿದ್ದ ಕಥೆಗಳನ್ನು ಕೇಳಿ ಬೆಳೆದ ನನಗೆ, ಕುಟ್ನಾ ಹೋರಾದ ಮೂವತ್ತು ಚಿಲ್ಲರೆ ಮೀಟರ್ ಆಳವನ್ನು ಕೇಳಿದಾಗ ಮೊದಲು ನಗು ಬಂದಿತ್ತು. ಆದರೆ ಅದು ಪ್ರವಾಸಿಗರಿಗೆ ತೋರಿಸುವ ಮೇಲಿನ ಪದರ ಮಾತ್ರ. ಇಲ್ಲಿನ ಓಸೆಲ್ ಎಂಬ ಗಣಿ ಮಧ್ಯಯುಗದಲ್ಲೇ ಐನೂರು ಮೀಟರ್‌ಗಳಷ್ಟು ಕೆಳಗೆ ಇಳಿದಿತ್ತು. ಓಸೆಲ್ ಎಂದರೆ ಕತ್ತೆ. ಡೈನಮೈಟ್ ಇಲ್ಲದ, ವಿದ್ಯುತ್ತಿಲ್ಲದ ಕಾಲದಲ್ಲಿ, ಸುತ್ತಿಗೆ ಮತ್ತು ಉಳಿಯಿಂದ, ಎಣ್ಣೆಯ ದೀಪದಲ್ಲಿ ಅಷ್ಟು ಆಳ! ಏಣಿಗಳಲ್ಲಿ ಮೇಲೆ ಹತ್ತಿ ಬರುವುದಕ್ಕೇ ಅವರ ಅರ್ಧ ತ್ರಾಣ ಹೋಗುತ್ತಿದ್ದಿರಬೇಕು. ಮಾರ್ಗದರ್ಶಕಿ ಒಂದು ಕಡೆ ಎಲ್ಲರ ದೀಪಗಳನ್ನೂ ಆರಿಸಲು ಹೇಳಿದರು. ಆ ಕತ್ತಲೆಯಲ್ಲಿ ನನ್ನ ನಗು ನಿಂತುಹೋಯಿತು.

ಆಳಕ್ಕೆ ಹೋದಷ್ಟೂ ನೀರು ನುಗ್ಗುತ್ತಿತ್ತು, ಅದನ್ನು ಎತ್ತಿ ಹಾಕುವ ಖರ್ಚು ಬೆಳ್ಳಿಯ ಬೆಲೆಯನ್ನು ತಿನ್ನುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಬೊಹಿಮಿಯಾದ ಇನ್ನೊಂದು ಊರಾದ ಯಾಖಿಮೊವ್‌ನ ಹೊಸ ಬೆಳ್ಳಿ ಗಣಿಗಳೂ ಅಮೆರಿಕದಿಂದ ಬಂದ ಬೆಳ್ಳಿಯೂ ಇದರ ಭಾಗ್ಯವನ್ನು ಕಸಿದುಕೊಂಡವು. 1547ರ ಹೊತ್ತಿಗೆ ಗ್ರೋಶ್ ನಾಣ್ಯವೂ ನಿಂತಿತು. ಯಾಖಿಮೊವ್‌ನ ಜರ್ಮನ್ ಹೆಸರಾದ ಯೊಆಖಿಮ್ಸ್‌ಟಾಲ್‌ನಿಂದ ಟಾಲರ್ ಎಂಬ ನಾಣ್ಯದ ಹೆಸರು ಬಂದು, ಅದೇ ಮುಂದೆ ಡಾಲರ್ ಆಯಿತು. 2001ರಲ್ಲಿ ನಮ್ಮ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಹೊತ್ತು ಹೋಗದೆ ಕುಳಿತಿದ್ದ ಹಿರಿಯರನ್ನು ಕಂಡವನಾದ್ದರಿಂದ, ಬೆಳ್ಳಿ ಮುಗಿದ ಮೇಲೂ ಈ ಊರು ತನ್ನ ಗಣಿಯನ್ನು ತೋರಿಸಿಯೇ ಅನ್ನ ದುಡಿಯುತ್ತಿರುವುದನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚು ಪಟ್ಟೆ.

ಮರುಪ್ರಶ್ನೆ: ಕುಕ್ಕರಹಳ್ಳಿ ಹಾದಿ

ಮೂವರಿಗೂ ವಂದನೆಗಳು. ಕ್ರುಮ್ಲೋವ್ ಕೈಬಿಟ್ಟೆವು, ಗಣಿಗೆ ಬುಧವಾರದ ಸಮಯ ಕಾಯ್ದಿರಿಸಿದೆ. ಉಳಿದ ಸಂದೇಹ ಒಂದೇ, ಎಲುಬಿನದು. ಸತ್ತವರ ಅಸ್ಥಿಯನ್ನು ನೀರಿಗೆ ಬಿಟ್ಟು ತಣ್ಣಗೆ ಕಳುಹಿಸುವ ನಾವು, ಅದನ್ನು ದೀಪದ ಗೊಂಚಲು ಮಾಡಿ ತೂಗುಹಾಕಿದ ಕಡೆಗೆ ಹೋಗಿ ನೋಡುವುದಾದರೂ ಏನನ್ನು ಎಂದು ತಾಯಿ ಕೇಳುತ್ತಾರೆ. ನನ್ನಲ್ಲಿ ಉತ್ತರವಿಲ್ಲ. ಊಟದ ವಿಷಯವನ್ನೂ ಯಾರೂ ಹೇಳಲಿಲ್ಲ.

ಉತ್ತರ 4: ವಲ್ತಾವಾ ದಡದಿಂದ

ತಾಯಿಯವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರಿಸಬೇಕಾದರೆ ಆ ಎಲುಬುಗಳು ಅಲ್ಲಿಗೆ ಬಂದ ಬಗೆಯನ್ನು ಹೇಳಬೇಕು. ಸೆಡ್ಲೆತ್ಸ್‌ನಲ್ಲಿ 1142ರಲ್ಲಿ ಸ್ಥಾಪನೆಯಾದ, ಸಿಸ್ಟರ್ಸಿಯನ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಪಂಥದ ಮಠವಿತ್ತು. ಹದಿಮೂರನೆಯ ಶತಮಾನದಲ್ಲಿ ಅಲ್ಲಿನ ಮಠಾಧಿಪತಿಯೊಬ್ಬನು ಜೆರುಸಲೇಮ್‌ಗೆ ಹೋಗಿ, ಏಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾದ ಒಂದು ಹಿಡಿ ಮಣ್ಣನ್ನು ತಂದು ಮಠದ ಸ್ಮಶಾನದಲ್ಲಿ ಚೆಲ್ಲಿದನೆಂದು ಕಥೆಯಿದೆ. ಆ ಮಣ್ಣು ಬಿದ್ದ ನೆಲ ಪುಣ್ಯಭೂಮಿಯಾಯಿತು, ಅಲ್ಲಿಯೇ ಹೂಳಬೇಕೆಂದು ದೂರದೂರದವರು ಬಯಸತೊಡಗಿದರು. ಕಾಶಿಯಲ್ಲಿ ಪ್ರಾಣ ಬಿಡಬೇಕೆಂದು ಹೊರಡುತ್ತಿದ್ದ ನಮ್ಮ ಹಿರಿಯರ ಆಸೆಯನ್ನು ಬಲ್ಲ ನಿಮ್ಮ ತಾಯಿಗೆ ಇದು ವಿಚಿತ್ರವೆನಿಸಲಾರದು.

ಹದಿನಾಲ್ಕನೆಯ ಶತಮಾನದಲ್ಲಿ ಪ್ಲೇಗ್ ಬಂದಿತು, ಹದಿನೈದನೆಯದರಲ್ಲಿ ಹುಸ್ಸೈಟ್ ಯುದ್ಧಗಳು ಬಂದವು. ಸ್ಮಶಾನದಲ್ಲಿ ಜಾಗ ಸಾಲದೆ ಹಳೆಯ ಎಲುಬುಗಳನ್ನು ಅಗೆದು ಮಂದಿರದ ನೆಲಮಾಳಿಗೆಯಲ್ಲಿ ಪೇರಿಸಿದರು. ಕಣ್ಣು ಮಂಜಾದ ಸಂನ್ಯಾಸಿಯೊಬ್ಬ ಅವನ್ನು ಪಿರಮಿಡ್ಡುಗಳಾಗಿ ಜೋಡಿಸಿದನೆಂಬ ಕಥೆ ಊರಿನಲ್ಲಿ ಓಡಾಡುತ್ತದೆ. ನಲವತ್ತು ಸಾವಿರದಿಂದ ಎಪ್ಪತ್ತು ಸಾವಿರ ಜನರ ಎಲುಬುಗಳಿವೆ ಎಂಬುದು ರೂಢಿಯ ಅಂದಾಜು. ಈಗಿನ ಅಲಂಕಾರ ಮಾತ್ರ ಬಹಳ ಈಚಿನದು. ಮಠ ಮುಚ್ಚಿದ ಮೇಲೆ ಆಸ್ತಿ ಶ್ವಾರ್ಜೆನ್‌ಬರ್ಗ್ ಮನೆತನದ ಪಾಲಾಗಿ, ಅವರಿಗಾಗಿ ಮರಗೆಲಸದವನಾದ ಫ್ರಾಂಟಿಶೆಕ್ ರಿಂಟ್ ಎಂಬಾತ 1870ರಲ್ಲಿ ಇದನ್ನು ಮಾಡಿದನು. ಗೊಂಚಲಿನಲ್ಲಿ ಮನುಷ್ಯ ದೇಹದ ಪ್ರತಿಯೊಂದು ಬಗೆಯ ಎಲುಬೂ ಒಂದಾದರೂ ಇದೆ ಎನ್ನುತ್ತಾರೆ. ಒಡೆಯರ ಲಾಂಛನವನ್ನೂ ಎಲುಬಿನಲ್ಲೇ ರಚಿಸಿ, ಗೋಡೆಯ ಮೇಲೆ ತನ್ನ ಹೆಸರು, ಊರು, ವರ್ಷವನ್ನೂ ಎಲುಬಿನಲ್ಲೇ ಬರೆದಿಟ್ಟಿದ್ದಾನೆ. ಆ ಸಹಿಯನ್ನು ಕಂಡಾಗ ನನಗೆ ಹೇಸಿಗೆಯಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪಿರಮಿಡ್ಡುಗಳ ಮುಂದೆ ಅಂಥ ಭಾವನೆ ಬರಲಿಲ್ಲ. ಪಿರಮಿಡ್ಡುಗಳಿರುವುದು ಅಳಿದವರನ್ನು ಒಟ್ಟಿಗೆ ಮಲಗಿಸಲು, ಲಾಂಛನವಿರುವುದು ಉಳಿದವನ ಹೆಸರು ಮೆರೆಸಲು. ಈಚೆಗೆ ಜೀರ್ಣೋದ್ಧಾರಕ್ಕಾಗಿ ಪಿರಮಿಡ್ಡುಗಳನ್ನು ಒಂದೊಂದು ಎಲುಬಾಗಿ ಬಿಚ್ಚಿ, ತೊಳೆದು, ಮತ್ತೆ ಕಟ್ಟುವ ಕೆಲಸ ನಡೆದಿದೆ.

ತಾಯಿಯವರಿಗೆ ಬೇಡವೆನಿಸಿದರೆ ಅವರನ್ನು ಕೆಲವೇ ನಿಮಿಷಗಳ ದಾರಿಯಲ್ಲಿರುವ ಸೆಡ್ಲೆತ್ಸ್‌ನ ದೊಡ್ಡ ಚರ್ಚಿನಲ್ಲಿ ಕೂರಿಸಿ ನೀವಿಬ್ಬರೂ ಹೋಗಿಬನ್ನಿ. ಹುಸ್ಸೈಟರು 1421ರಲ್ಲಿ ಸುಟ್ಟ ಆ ಚರ್ಚು ಮುನ್ನೂರು ವರ್ಷದ ಹತ್ತಿರ ಹಾಳು ಬಿದ್ದಿತ್ತು. ಆ ಮೇಲೆ ಸಾಂತಿನಿ ಎಂಬ ವಾಸ್ತುಶಿಲ್ಪಿ ಮಧ್ಯಯುಗದ ಗಾಥಿಕ್ ಶೈಲಿಯ ಗೋಡೆಗಳ ಮೇಲೆ ತನ್ನ ಕಾಲದ ಬರೋಕ್ ಶೈಲಿಯ ಕಲ್ಪನೆಯನ್ನು ಹೊದಿಸಿದನು. ಒಳಗೆ ಬಿಳಿಯ ಗೋಡೆ, ಬೆಳಕು, ನಿಶ್ಶಬ್ದ. ಅಷ್ಟು ಚೆಲುವಿನ ಚರ್ಚಿಗೆ ಎಲುಬಿನ ಮಂದಿರದ ಕಾಲು ಭಾಗ ಜನವೂ ಬರುವುದಿಲ್ಲವೆಂದು ನನಗನ್ನಿಸುತ್ತದೆ.

ಊಟಕ್ಕೆ ಬಂದರೆ, ಬೆಜ್ ಮಾಸಾ ಎಂಬ ಎರಡು ಪದಗಳನ್ನು ಕಲಿತುಕೊಳ್ಳಿ. ಮಾಂಸವಿಲ್ಲದೆ ಎಂದರ್ಥ. ಚೆಕ್ ಭಾಷೆಯ ಮಾಸೊ ಮತ್ತು ಸಂಸ್ಕೃತದ ಮಾಂಸ ಒಂದೇ ಮೂಲದವಾದ್ದರಿಂದ ಮರೆಯುವುದು ಕಷ್ಟ. ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಚೀಸ್ ಆದ ಸ್ಮಾಜೆನಿ ಸೀರ್ ಎಲ್ಲೆಡೆ ಸಿಗುತ್ತದೆ. ಆಲೂಗಡ್ಡೆ, ಬೆಳ್ಳುಳ್ಳಿ ಹಾಕಿದ ದೋಸೆಯಂಥ ಬ್ರಾಂಬೊರಾಕ್ ಮಗಳಿಗೆ ಹಿಡಿಸುತ್ತದೆ, ಆದರೆ ಕೆಲವರು ಅದನ್ನು ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿಯೇ ಕೊಳ್ಳಿ. ತರಕಾರಿ ಸೂಪು ಎಂದು ಬರೆದಿದ್ದರೂ ಮಾಂಸದ ಕಷಾಯದಲ್ಲಿ ಕುದಿಸಿರಬಹುದು. ಅಷ್ಟೆಲ್ಲ ಕೇಳುವ ತಾಳ್ಮೆಯಿಲ್ಲದಿದ್ದರೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಸಂತ ಬಾರ್ಬರಾದ ಪಕ್ಕದ ಬೆಂಚಿನಲ್ಲಿ ಕುಳಿತು ಉಣ್ಣಿ. ಕಣಿವೆಯ ಎದುರು ದ್ರಾಕ್ಷಿ ತೋಟ ಕಾಣುತ್ತಿರುತ್ತದೆ.

ಕುಕ್ಕರಹಳ್ಳಿ ಹಾದಿ

ಹೋಗಿ ಬಂದೆವು. ಮುಂದೆ ಇದೇ ಪ್ರಶ್ನೆ ಹೊತ್ತು ಬರುವವರಿಗಾಗಿ ನಮ್ಮ ದಿನ ಹೇಗೆ ನಡೆಯಿತೆಂದು ಬರೆದಿಡುತ್ತೇನೆ. ಬೆಳಿಗ್ಗೆ ಎಂಟರ ಸುಮಾರಿನ ರೈಲು ಹಿಡಿದು ಮೊದಲು ಸೆಡ್ಲೆತ್ಸ್‌ನಲ್ಲೇ ಇಳಿದೆವು. ಗಣಿಯ ಸಮಯ ಮಧ್ಯಾಹ್ನಕ್ಕೆ ಸಿಕ್ಕಿದ್ದರಿಂದ ಬಾದಾಮಿ ಕಲ್ಲು ಅವರ ಮಾತೇ ಗೆದ್ದಿತು. ತಾಯಿ ಚರ್ಚಿನಲ್ಲಿ ಕುಳಿತಿರುತ್ತೇನೆಂದು ಹೊರಟವರು ಕೊನೆಯ ಗಳಿಗೆಯಲ್ಲಿ ನಮ್ಮೊಡನೆಯೇ ಬಂದು, ಕಂಬಿ ಹಿಡಿದು ಮೆಟ್ಟಿಲಿಳಿದು, ಪಿರಮಿಡ್ಡಿನ ಮುಂದೆ ಕೈಮುಗಿದು ನಿಂತರು. ಗೊಂಚಲಿನ ಕಡೆ ಕಣ್ಣೆತ್ತಲಿಲ್ಲ. ಹೊರಗೆ ಬಂದು, ಇಷ್ಟು ಜನಕ್ಕೆ ತಿಥಿ ಮಾಡುವವರು ಯಾರು ಎಂದಷ್ಟೇ ಕೇಳಿದರು.

ಮಗಳು ಗಣಿಯ ಇಕ್ಕಟ್ಟಿನಲ್ಲಿ ನನಗಿಂತ ಸರಾಗವಾಗಿ ನುಸುಳಿದಳು. ನನ್ನ ಹೆಲ್ಮೆಟ್ಟು ಬಂಡೆಗೆ ಬಡಿದ ಲೆಕ್ಕವನ್ನು ಈಗಲೂ ಎಲ್ಲರಿಗೂ ಹೇಳುತ್ತಿದ್ದಾಳೆ. ಸಂತ ಬಾರ್ಬರಾದೊಳಗೆ ಬಿಳಿಯ ನಿಲುವಂಗಿ ತೊಟ್ಟು ದೀಪ ಹಿಡಿದ ಗಣಿಗಾರನ ಪ್ರತಿಮೆಯನ್ನು ಕಂಡು, ಅದು ತಾನೇ ತೊಟ್ಟಿದ್ದ ಅಂಗಿಯೆಂದು ಅಜ್ಜಿಗೆ ತೋರಿಸಿದಳು. ಗಣಿಯನ್ನು ಚರ್ಚಿಗಿಂತ ಮೊದಲು ನೋಡಿದ್ದರಿಂದ ಆದ ಲಾಭ ಇದು, ಸಾಧ್ಯವಾದವರು ಹಾಗೆಯೇ ಮಾಡಿ.

ನಮ್ಮ ತಪ್ಪು ಒಂದೇ. ಹಿಂದಿರುಗುವಾಗ ಮ್ಯೆಸ್ತೊ ನಿಲ್ದಾಣದಿಂದ ಪುಟ್ಟ ರೈಲು ಹೊರಡುವ ಸಮಯವನ್ನು ನೋಡಿಟ್ಟುಕೊಂಡಿರಲಿಲ್ಲ. ನಾವು ತಲುಪುವಷ್ಟರಲ್ಲಿ ಅದು ಹೊರಟಿತ್ತು, ಮುಖ್ಯ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿಯಬೇಕಾಯಿತು. ಬೆಳಿಗ್ಗೆ ಇಳಿದಾಗಲೇ ಅಲ್ಲಿನ ಹಳದಿ ವೇಳಾಪಟ್ಟಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಚಪಾತಿ ಸಾಕಾಗಿತ್ತು, ಬ್ರಾಂಬೊರಾಕ್ ಎಣ್ಣೆಯದೇ ಎಂದು ಖಚಿತಪಡಿಸಿಕೊಂಡ ಮೇಲೆ ಅದನ್ನೂ ತಿಂದೆವು.